ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಆದರೆ ಯಾರೂ ಹೇಳಲ್ಲ: ಸಿಟ್‌ಕಾಮ್ ಸಂಸಾರಗಳ ಬಗ್ಗೆ ನನ್ನ ತಕರಾರು

ಕಾಫಿಪುಡಿ:
ಸಿಟ್‌ಕಾಮ್, ಅಂದರೆ ಟಿವಿಯ ಹಾಸ್ಯ ಧಾರಾವಾಹಿ, ಅಮೆರಿಕದ್ದಿರಲಿ, ಮುಂಬೈದಿರಲಿ, ನಮ್ಮ ಈಟಿವಿ ಕಾಲದ್ದಿರಲಿ, ಅರ್ಧಕ್ಕರ್ಧ ಕಥೆ ನಡೆಯುವುದು ಯಾರೋ ಒಬ್ಬರು ಹೇಳಬೇಕಾದ ಮಾತು ಹೇಳದೇ ಇರುವುದರಿಂದ. ಬಾಗಿಲ ಹಿಂದೆ ನಿಂತು ಅರ್ಧ ಮಾತು ಕೇಳಿಸಿಕೊಳ್ಳುತ್ತಾರೆ. ಬೇರೆಯವರ ಚೀಟಿ ಓದುತ್ತಾರೆ. ಬೀರುವಿನೊಳಗೆ ಅಡಗುತ್ತಾರೆ. ಬಾಯಿ ಬಿಟ್ಟು ಕೇಳಿದ್ದರೆ ಎರಡನೇ ನಿಮಿಷಕ್ಕೆ ಎಲ್ಲರೂ ಕಾಫಿ ಕುಡಿದು ಮಲಗಬಹುದಿತ್ತು.

ಈಗ ಮನೆಯಲ್ಲಿ 'ಎವ್ರಿಬಡಿ ಲವ್ಸ್ ರೇಮಂಡ್' ನಡೆಯುತ್ತಿದೆ. ಅದರಲ್ಲಿ 'ಬ್ಯಾಗೇಜ್' ಅಂತ ಒಂದು ಕಂತು. ಗಂಡ ಹೆಂಡತಿ ಪ್ರವಾಸದಿಂದ ಬಂದಿದ್ದಾರೆ. ಸೂಟ್‌ಕೇಸ್ ಮೆಟ್ಟಿಲ ಮೇಲೆ ಕೂತಿದೆ. ಯಾರು ಮೇಲೆ ಒಯ್ಯಬೇಕು? ರೇ ಒಯ್ಯಲ್ಲ, ಡೆಬ್ರಾನೂ ಒಯ್ಯಲ್ಲ. ವಾರಗಟ್ಟಲೆ ಅಲ್ಲೇ ಇದೆ. ಕೊನೆಗೆ ರೇ ಅದರೊಳಗೆ ನಾರುವ ಚೀಸ್ ಇಡುತ್ತಾನೆ, ವಾಸನೆ ತಡೆಯದೆ ಅವಳೇ ಎತ್ತಲಿ ಅಂತ. ನನ್ನ ಗಂಡ ಬಿದ್ದು ಬಿದ್ದು ನಕ್ಕರು. ನನಗೆ ಸಿಟ್ಟು ಬಂತು. "ಸ್ವಲ್ಪ ಎತ್ತಿಡ್ತೀಯಾ" ಅಂದಿದ್ದರೆ ಆಗುತ್ತಿತ್ತಲ್ಲ!

ಇದು ಹಾಸ್ಯವೋ, ಬರೆಯುವವರ ಸೋಮಾರಿತನವೋ? ಇವುಗಳಲ್ಲಿ ನಿಮ್ಮ ಮನೆಯಲ್ಲಿ ನಿಜವಾಗಿ ನಡೆದಿದ್ದು ಯಾವುದು, ಟಿವಿಯಲ್ಲಿ ಮಾತ್ರ ನಡೆಯುವುದು ಯಾವುದು, ಹೇಳಿ.

ಚಿಲ್ಲರೆ ಕಾಸು:
ಸೂಟ್‌ಕೇಸ್ ಕಂತನ್ನು ಈ ಪಟ್ಟಿಗೆ ಸೇರಿಸಬೇಡಿ ಮೇಡಂ. ಅಲ್ಲಿ ತಪ್ಪು ತಿಳಿದುಕೊಂಡವರು ಯಾರಿದ್ದಾರೆ? ಇಬ್ಬರಿಗೂ ಎಲ್ಲಾ ಗೊತ್ತು. ಸೂಟ್‌ಕೇಸ್ ಅಲ್ಲಿದೆ ಅಂತ ಗೊತ್ತು, ಇನ್ನೊಬ್ಬರು ಬೇಕಂತಲೇ ಬಿಟ್ಟಿದ್ದಾರೆ ಅಂತಲೂ ಗೊತ್ತು. ಸೋಲಬಾರದು, ಅಷ್ಟೇ. ಆ ಕಂತು ಬರೆದ ಟಕರ್ ಕಾವ್ಲಿ ಅವರಿಗೆ 2003ರಲ್ಲಿ ಎಮ್ಮಿ ಬಂತು, ಅಮೆರಿಕದ ದೊಡ್ಡ ಟಿವಿ ಪ್ರಶಸ್ತಿ. ಸೋಮಾರಿತನಕ್ಕೆ ಎಮ್ಮಿ ಕೊಡಲ್ಲ.

ಶಿರಸಿ ಮಾಣಿ:
ನಮ್ಮನೆಯಲ್ಲಿ ಸೂಟ್‌ಕೇಸ್ ಅಲ್ಲ, ಬಚ್ಚಲುಮನೆ ಬಲ್ಬ್. ಅದು ಹೋದ ದಿನ ನಾನು ಸ್ನಾನಕ್ಕೆ ಹೋಗಿದ್ದೆ. ಹೊರಗೆ ಬಂದು ಏನೂ ಹೇಳಲಿಲ್ಲ. ಆಮೇಲೆ ಅವಳು ಹೋದಳು, ಅವಳೂ ಹೇಳಲಿಲ್ಲ. ಮರುದಿನದಿಂದ ಇಬ್ಬರೂ ಮೊಬೈಲ್ ಟಾರ್ಚ್ ಹಿಡಿದು ಸ್ನಾನ. ಹೊಸ ಬಲ್ಬ್ ಕಪಾಟಿನಲ್ಲೇ ಇತ್ತು ಮಾರಾಯ್ರೇ, ಅದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಊರಿಂದ ಮಾವ ಬಂದರು. ಒಳಗೆ ಹೋದರು, ಹೊರಗೆ ಬಂದರು, ಸ್ಟೂಲ್ ಹಾಕಿಕೊಂಡು ಬಲ್ಬ್ ಹಾಕಿದರು. ನಮ್ಮಿಬ್ಬರ ಮುಖ ನೋಡಿ ಒಂದು ಮಾತೂ ಆಡಲಿಲ್ಲ. ಅದಕ್ಕಿಂತ ದೊಡ್ಡ ಬೈಗುಳ ನಾನು ತಿಂದಿಲ್ಲ.

ಕಾಫಿಪುಡಿ:
ಟಾರ್ಚ್ ಹಿಡಿದು ಸ್ನಾನ ಮಾಡುವುದು ಹೇಗೆ? ಸೋಪು ಯಾವ ಕೈಯಲ್ಲಿ?

ಶಿರಸಿ ಮಾಣಿ:
ಕಿಟಕಿ ಮೇಲೆ ನಿಲ್ಲಿಸಬೇಕು. ಅನುಭವದಿಂದ ಬರುತ್ತದೆ.

ನ್ಯೂಜೆರ್ಸಿ ನಂಜ:
ರೇಮಂಡ್ ಕಥೆ ನಡೆಯುವುದು ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನಲ್ಲಿ. ಇಟಲಿ ಮೂಲದ ಕುಟುಂಬ. ಅಪ್ಪ ಅಮ್ಮ ಎದುರುಮನೆಯಲ್ಲೇ ಇದ್ದಾರೆ. ಬಾಗಿಲು ತಟ್ಟದೆ ಒಳಗೆ ಬರುತ್ತಾರೆ. ಅತ್ತೆ ಬಂದು ಸೊಸೆಯ ಪಾತ್ರೆ ಮುಚ್ಚಳ ತೆಗೆದು ನೋಡುತ್ತಾಳೆ. ಇಲ್ಲಿನ ನಮ್ಮ ಕನ್ನಡದವರಿಗೆಲ್ಲ ಆ ಸೀರಿಯಲ್ ಯಾಕೆ ಇಷ್ಟ ಅಂತ ಬಿಡಿಸಿ ಹೇಳಬೇಕಾ?

ಸೂಟ್‌ಕೇಸ್ ಕಂತಿನಲ್ಲಿ ಇನ್ನೊಂದು ವಿಷಯ ಇದೆ, ನೀವು ಬಿಟ್ಟಿದ್ದೀರಿ. ರೇ ಅಮ್ಮ ಮರೀ ಬಂದು ಡೆಬ್ರಾಗೆ ಹಳೆಯ ಕಥೆ ಹೇಳುತ್ತಾಳೆ. ಅವಳ ಅಡುಗೆಮನೆ ಗೋಡೆ ಮೇಲೆ ದೊಡ್ಡ ಮರದ ಫೋರ್ಕ್, ಸ್ಪೂನ್ ನೇತುಹಾಕಿದ್ದಾರಲ್ಲ, ಅವು ಅವಳಿಗೂ ಗಂಡನಿಗೂ ಹಿಂದೆ ಆದ ಇಂಥದೇ ಜಗಳದ ಗುರುತು. ವರ್ಷಗಟ್ಟಲೆ ನಾವು ಅದನ್ನು ಸುಮ್ನೆ ಗೋಡೆ ಅಲಂಕಾರ ಅಂತ ನೋಡಿಕೊಂಡು ಬಂದಿರುತ್ತೇವೆ. ಆ ಕಂತಿನ ನಿಜವಾದ ಪೆಟ್ಟು ಅದು. ಬಾಕಿ ಎಲ್ಲಾ ಚೀಸ್.

ದಾವಣಗೆರೆ ಬೆಣ್ಣೆ:
ಕಾಫಿಪುಡಿ ಹೇಳುವ ಜಾತಿಯ ಸಿಟ್‌ಕಾಮ್ ಇದೆ, ಇಲ್ಲ ಅನ್ನಲ್ಲ. 'ಥ್ರೀಸ್ ಕಂಪನಿ' ನೋಡಿ. 1977ರಿಂದ 1984ರವರೆಗೆ ನಡೆಯಿತು. ಬಹುಪಾಲು ಕಂತು ಬಾಗಿಲಿಗೆ ಕಿವಿ ಕೊಟ್ಟು ಕೇಳಿದ ಅರ್ಧ ಮಾತಿನ ಮೇಲೇ ನಿಂತಿದೆ. ನನಗೂ ಅದು ಮೂರನೇ ಕಂತಿಗೇ ಸಾಕಾಯಿತು. ಆದರೆ ಎಲ್ಲವನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡಿ. ಗೊತ್ತಿಲ್ಲದೆ ಆಗುವ ಫಜೀತಿ ಒಂದು. ಗೊತ್ತಿದ್ದೂ ಹಠಕ್ಕೆ ಆಗುವುದು ಇನ್ನೊಂದು. ಎರಡನೆಯದು ಹಳತಾಗಲ್ಲ.

ಗಾಂಧಿಬಜಾರ್ ಗಾಳಿ:
ಫ್ರೆಂಡ್ಸ್ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ, ಆಶ್ಚರ್ಯ. ರಾಸ್ ತಪ್ಪು ಮಾಡಲಿಲ್ಲ. ಅವನೂ ರೇಚಲ್ಲೂ ಬ್ರೇಕ್‌ನಲ್ಲಿದ್ದರು, ಸ್ವಲ್ಪ ದೂರ ಇರೋಣ ಅಂದಾಗಿತ್ತು. ಆಮೇಲೆ ಅವನು ಬೇರೆ ಹುಡುಗಿ ಜೊತೆ ಹೋದರೆ ಮೋಸ ಹೇಗಾಗುತ್ತೆ?

ಉಪ್ಪಿನಕಾಯಿ ಭರಣಿ:
ಇರಲಿಲ್ಲ.

ಗಾಂಧಿಬಜಾರ್ ಗಾಳಿ:
ಇದ್ದರು.

ಉಪ್ಪಿನಕಾಯಿ ಭರಣಿ:
ಅದೇ ರಾತ್ರಿ? ಬ್ರೇಕ್ ಅಂದ ಬಾಯಿ ಆರುವ ಮೊದಲೇ?

ನಿರ್ವಾಹಕ:
ಈ ಜಗಳ 1997ರಿಂದ ನಡೆಯುತ್ತಿದೆ. ಇಲ್ಲಿ ತೀರ್ಮಾನ ಆಗುವುದಿಲ್ಲ. ಮುಂದೆ ಹೋಗಿ.

ಉಪ್ಪಿನಕಾಯಿ ಭರಣಿ:
ಸರಿ, ಮುಂದೆ. ಫ್ರೆಂಡ್ಸ್‌ನಲ್ಲೇ ಕಾಫಿಪುಡಿಯವರ ಮಾತಿಗೆ ಒಳ್ಳೇ ಉದಾಹರಣೆ ರೇಚಲ್ ಮಾಡಿದ ಟ್ರೈಫಲ್. ಅಡುಗೆ ಪುಸ್ತಕದ ಎರಡು ಹಾಳೆ ಅಂಟಿಕೊಂಡಿರುತ್ತವೆ. ಹಾಗಾಗಿ ಅರ್ಧ ಸಿಹಿ ತಿಂಡಿ, ಅರ್ಧ ಮಾಂಸದ ಪೈ. ಜ್ಯಾಮ್, ಕಸ್ಟರ್ಡ್, ಅದರ ಮೇಲೆ ಬಟಾಣಿ, ಈರುಳ್ಳಿ ಹಾಕಿ ಹುರಿದ ಗೋಮಾಂಸ. ಹೇಳಿದರೆ ಅವಳು ಮೊದಲಿಂದ ಮಾಡಲು ಕೂರುತ್ತಾಳೆ, ತಾವು ಬೇಗ ಹೊರಡಲು ಆಗಲ್ಲ ಅಂತ ರಾಸ್, ಜೋಯಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಎಲ್ಲರೂ ಕಷ್ಟಪಟ್ಟು ನುಂಗುತ್ತಾರೆ. ಜೋಯಿಗೆ ಮಾತ್ರ ನಿಜವಾಗಿ ರುಚಿಸುತ್ತದೆ!

ಇದು ಟಿವಿಯಲ್ಲಿ ಮಾತ್ರ ಅನ್ನಬೇಡಿ. ನನ್ನ ಮದುವೆಯಾದ ಹೊಸತು. ಅತ್ತೆಮನೆ ಕಪಾಟಿನಲ್ಲಿ ಒಂದೇ ಥರದ ಡಬ್ಬಗಳು, ಯಾವುದರ ಮೇಲೂ ಹೆಸರಿಲ್ಲ. ಹುಳಿಪುಡಿ ಅಂದುಕೊಂಡು ನಾನು ಹಾಕಿದ್ದು ಸೀಗೆಪುಡಿ. ಕುದಿಯುವಾಗ ನೊರೆ ಬಂತು. ಬೇಳೆಯ ನೊರೆ ಇರಬೇಕು ಅಂತ ಸೌಟಿನಲ್ಲಿ ತೆಗೆದೆ. ಮತ್ತೆ ಬಂತು, ಮತ್ತೆ ತೆಗೆದೆ. ಬಡಿಸಿದೆ. ಮಾವ ಒಂದು ತುತ್ತು ಬಾಯಿಗಿಟ್ಟು "ಚೆನ್ನಾಗಿದೆ" ಅಂದರು. ಅತ್ತೆ "ಸ್ವಲ್ಪ ಕಹಿ" ಅಂದರು. ಗಂಡ ತಲೆ ಎತ್ತಲಿಲ್ಲ. ಮೂವರೂ ಮಜ್ಜಿಗೆ ಅನ್ನಕ್ಕೆ ಬೇಗ ಬಂದುಬಿಟ್ಟರು. ನಾನು ಊಟಕ್ಕೆ ಕೂತ ಮೇಲೇ ಗೊತ್ತಾಗಿದ್ದು. ಮಾವ ಈಗಲೂ ನನ್ನ ಪರವಾಗಿ ಸಾಕ್ಷಿ ಹೇಳುತ್ತಾರೆ, ಆವತ್ತಿನ ಹುಳಿ ಚೆನ್ನಾಗಿತ್ತು ಅಂತ.

ಹುಬ್ಬಳ್ಳಿ ಮಿರ್ಚಿ:
ಮಾವ ಜೋಯಿ ಇದ್ದಾರ ನೋಡ್ರಿ. ಭಾಳ ಒಳ್ಳೆ ಮನಿ ಸಿಕ್ಕದ ನಿಮಗ.

ಚಿಲ್ಲರೆ ಕಾಸು:
ಹೊಟ್ಟೆ ಸ್ವಚ್ಛವಾಗಿರಬೇಕು ಎಲ್ಲರದ್ದೂ.

ಸುಳ್ಯದ ಸುಬ್ಬಿ:
ಫ್ರೆಂಡ್ಸ್ ನನಗೆ ಆಗಲ್ಲ. ಎಲ್ಲಿ ನಗಬೇಕು ಅಂತ ಅವರೇ ಕ್ಯಾಸೆಟ್ ನಗು ಹಾಕಿ ತೋರಿಸುತ್ತಾರೆ. ನನಗೆ ನಗು ಬಂದರೆ ನಾನೇ ನಗುತ್ತೇನೆ, ಹೇಳಿಕೊಡಬೇಕಾಗಿಲ್ಲ.

ನ್ಯೂಜೆರ್ಸಿ ನಂಜ:
ಅದು ಕ್ಯಾಸೆಟ್ ಅಲ್ಲ. ಫ್ರೆಂಡ್ಸ್ ಹೆಚ್ಚಾಗಿ ಜನರ ಮುಂದೆ ಚಿತ್ರೀಕರಣ ಆಗಿದ್ದು, ಕ್ಯಾಲಿಫೋರ್ನಿಯಾದ ಬರ್‌ಬ್ಯಾಂಕ್‌ನ ವಾರ್ನರ್ ಸ್ಟುಡಿಯೋದಲ್ಲಿ. ಎದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಕುರ್ಚಿ ಹಾಕಿ ಪ್ರೇಕ್ಷಕರನ್ನು ಕೂರಿಸುತ್ತಿದ್ದರು. ಲಂಡನ್ ಕಂತಿನಲ್ಲಿ ಚಾಂಡ್ಲರ್ ಹಾಸಿಗೆಯ ಹೊದಿಕೆಯಿಂದ ಮೋನಿಕಾ ತಲೆ ಹೊರಗೆ ಹಾಕುವಾಗ ಜನ ಕೂಗುವುದು ಕೇಳಿ. ಮುಂದಿನ ಮಾತು ಹೇಳಲು ನಟರು ಕಾಯುತ್ತಾ ನಿಂತಿದ್ದಾರೆ.

ಈ ಪದ್ಧತಿ 1951ರ 'ಐ ಲವ್ ಲೂಸಿ'ಯಿಂದ ಗಟ್ಟಿಯಾಯಿತು. ಮೂರು ಕ್ಯಾಮೆರಾ, ಎದುರಿಗೆ ಜನ, ಫಿಲ್ಮ್ ಮೇಲೆ ಚಿತ್ರೀಕರಣ. ಅದರಲ್ಲಿ ಗಂಡ ಹೆಂಡತಿ ಆಗಿದ್ದ ಲೂಸಿಲ್ ಬಾಲ್, ದೇಸಿ ಅರ್ನಾಜ್ ನಿಜವಾಗಿಯೂ ಗಂಡ ಹೆಂಡತಿ.

ದಾವಣಗೆರೆ ಬೆಣ್ಣೆ:
ಕ್ಯಾಸೆಟ್ ನಗು ಹಾಕಿದ ಸೀರಿಯಲ್‌ಗಳೂ ಬೇಕಾದಷ್ಟಿವೆ. 'ಮ್ಯಾಶ್' ಅಂತ ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯ ಕಥೆ. ನಗು ಬೇಕೇ ಬೇಕು ಅಂತ ಚಾನೆಲ್‌ನವರ ಹಠ. ಮಾಡಿದವರಿಗೆ ಬೇಡ. ಕೊನೆಗೆ ಆಪರೇಷನ್ ಕೋಣೆಯ ದೃಶ್ಯಗಳಲ್ಲಿ ಮಾತ್ರ ನಗು ಬೇಡ ಅಂತ ರಾಜಿಯಾಯಿತು. ಸುಬ್ಬಿ ಅವರೇ, ನಿಮಗೆ ಅದು ಹಿಡಿಸಬಹುದು.

ಹಳೇ ಆಂಟೆನಾ:
ನೀವೆಲ್ಲ ಕೇಬಲ್ ಬಂದ ಮೇಲಿನವರು. ನನಗೆ ಸಿಟ್‌ಕಾಮ್ ಅಂದರೆ 1984ರ 'ಯೇ ಜೋ ಹೈ ಜಿಂದಗಿ'. ಶಫಿ ಇನಾಂದಾರ್, ಸ್ವರೂಪ್ ಸಂಪತ್ ಗಂಡ ಹೆಂಡತಿ, ರಾಕೇಶ್ ಬೇಡಿ ಮನೆಯಲ್ಲೇ ಝಂಡಾ ಹೂಡಿದ ಬಾಮೈದ. ಸತೀಶ್ ಶಾ ಪ್ರತಿ ಕಂತಿನಲ್ಲೂ ಬೇರೆ ಬೇರೆ ಪಾತ್ರ. ಈ ವಾರ ಯಾವ ವೇಷದಲ್ಲಿ ಬರುತ್ತಾರೆ ಅಂತ ಕಾಯುವುದೇ ಒಂದು ಖುಷಿ. ನಮ್ಮ ಬೀದಿಯಲ್ಲಿ ಟಿವಿ ಇದ್ದ ಮನೆಗೆ ಎಲ್ಲರೂ ಹೋಗಿ ಕೂರುತ್ತಿದ್ದೆವು. ಹಿಂದಿ ಅರ್ಧಕ್ಕರ್ಧ ಅರ್ಥ ಆಗುತ್ತಿರಲಿಲ್ಲ. ಪಕ್ಕದಲ್ಲಿದ್ದ ಪೋಸ್ಟ್‌ಮಾಸ್ಟರ್ ಅನುವಾದ ಮಾಡುತ್ತಿದ್ದರು. ಅವರು ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಜೋಕು ಹೋಗಿರುತ್ತಿತ್ತು. ಎರಡನ್ನೂ ಸೇರಿಸಿ ನಗುತ್ತಿದ್ದೆವು.

ಕನ್ನಡದಲ್ಲಿ ದೂರದರ್ಶನದ 'ಸಿಹಿ ಕಹಿ' ಇತ್ತು. ಅದರಲ್ಲಿ ನಟಿಸಿದ ಚಂದ್ರು, ಗೀತಾ ನಿಜಜೀವನದಲ್ಲೂ ದಂಪತಿ. ಧಾರಾವಾಹಿ ಮುಗಿದರೂ ಅದರ ಹೆಸರು ಇಬ್ಬರಿಗೂ ಅಂಟಿಕೊಂಡೇ ಉಳಿಯಿತು. ರಮೇಶ್ ಭಟ್ ಅವರ 'ಕ್ರೇಜಿ ಕರ್ನಲ್' ನೆನಪಿದೆಯಾ ಯಾರಿಗಾದರೂ?

ಗಾಂಧಿಬಜಾರ್ ಗಾಳಿ:
ಕ್ರೇಜಿ ಕರ್ನಲ್! ನಮ್ಮಪ್ಪನಿಗೆ ಆಫೀಸಿನಲ್ಲಿ ಅದೇ ಅಡ್ಡಹೆಸರು. ಮನೆಗೆ ಅದು ಗೊತ್ತಾಗಿದ್ದು ಅವರ ನಿವೃತ್ತಿ ಸಮಾರಂಭದಲ್ಲಿ.

ಹುಬ್ಬಳ್ಳಿ ಮಿರ್ಚಿ:
ಪಾಪ ಪಾಂಡು ಬಿಟ್ಟರೆ ಹೆಂಗ್ರಿ? ಸಿಲ್ಲಿ ಲಲ್ಲಿ ಬಿಟ್ಟರೆ ಹೆಂಗ? ಡಾಕ್ಟರ್ ವಿಠಲ್ ರಾವ್ ಆಗಿ ರವಿಶಂಕರ್ ಗೌಡ ಬಂದರೆ ನಮ್ಮ ಮನ್ಯಾಗ ಊಟ ನಿಲ್ತಿತ್ತು.

ಸುಳ್ಯದ ಸುಬ್ಬಿ:
ಸಿಲ್ಲಿ ಲಲ್ಲಿ ಸರಿ. ಪಾಪ ಪಾಂಡು ಬಗ್ಗೆ ನನಗೆ ಮುಜುಗರ ಇದೆ. ಹೆಂಡತಿ ಗಂಡನಿಗೆ ಬಾರಿಸುವುದೇ ಅಲ್ಲಿ ತಮಾಷೆ. ತಿರುಗಿಸಿ ನೋಡಿ, ಗಂಡ ಹೆಂಡತಿಗೆ ಹೊಡೆಯುವುದನ್ನು ಹಾಸ್ಯ ಅಂತ ತೋರಿಸಿದರೆ ನಗುತ್ತೀರಾ?

ಚಿಲ್ಲರೆ ಕಾಸು:
ನಗಲ್ಲ, ಯಾಕೆಂದರೆ ಅದು ಬೇಕಾದಷ್ಟು ಮನೆಗಳಲ್ಲಿ ನಿಜವಾಗಿ ನಡೆಯುತ್ತದೆ. ಇದು ತಲೆಕೆಳಗು ಮಾಡಿದ ಆಟ. ನೋಡುವವರಿಗೆ ಅದು ಗೊತ್ತು.

ಸುಳ್ಯದ ಸುಬ್ಬಿ:
ನೋಡುವ ಎಂಟು ವರ್ಷದ ಮಗುವಿಗೂ ಗೊತ್ತಾ?

ಉಪ್ಪಿನಕಾಯಿ ಭರಣಿ:
ನಾನು ಆ ಎಂಟು ವರ್ಷದ ಮಗು. ನನಗೆ ನೆನಪಿರುವುದು ಹೊಡೆತ ಅಲ್ಲ, ಹೆಂಡತಿ ಪಾತ್ರದ ಶಾಲಿನಿ ಅವರ ಧ್ವನಿ. ಪಾಂಡು ಆಗಿದ್ದ ಚಿದಾನಂದ್ ಅವರು ಅದನ್ನು ಕೇಳಿದ ಕೂಡಲೇ ಮಾಡುತ್ತಿದ್ದ ಮುಖ. ಆದರೆ ಸುಬ್ಬಿ ಹೇಳುವುದನ್ನು ತಳ್ಳಿಹಾಕಲ್ಲ. 2018ರಲ್ಲಿ ಅದು ಹೊಸದಾಗಿ ಬಂದಾಗ ನನಗೇ ಯಾಕೋ ಅಷ್ಟು ನಗು ಬರಲಿಲ್ಲ.

ದಾವಣಗೆರೆ ಬೆಣ್ಣೆ:
ದಂಪತಿ ಫಜೀತಿ ಅಂದ ಮೇಲೆ 'ಫಾಲ್ಟಿ ಟವರ್ಸ್' ಬರಲೇಬೇಕು. ಬಿಬಿಸಿಯದ್ದು. 1975ರಲ್ಲಿ ಆರು ಕಂತು, 1979ರಲ್ಲಿ ಆರು. ಒಟ್ಟು 12, ಮುಗೀತು. ಇಂಗ್ಲೆಂಡಿನ ಟಾರ್ಕಿ ಊರಿನ ಒಂದು ಹೋಟೆಲು, ಮಾಲೀಕ ಬೆಸಿಲ್, ಹೆಂಡತಿ ಸಿಬಿಲ್.

ಅದರಲ್ಲಿ 'ದಿ ಆ್ಯನಿವರ್ಸರಿ' ಕಂತು ಕಾಫಿಪುಡಿ ಅವರ ವಾದಕ್ಕೆ ಸರಿಯಾದ ಪರೀಕ್ಷೆ. ಮದುವೆ ವಾರ್ಷಿಕೋತ್ಸವ. ಹಿಂದಿನ ವರ್ಷ ಬೆಸಿಲ್ ಮರೆತಿದ್ದ. ಈ ಸಲ ಗುಟ್ಟಾಗಿ ಸ್ನೇಹಿತರನ್ನು ಕರೆದಿದ್ದಾನೆ. ಆದರೆ ಮರೆತವನ ಹಾಗೆ ನಟಿಸುತ್ತಾನೆ, ಅವಳನ್ನು ಸ್ವಲ್ಪ ಆಟ ಆಡಿಸೋಣ ಅಂತ. ಅವಳು ಸಿಟ್ಟಾಗಿ ಕಾರು ಹತ್ತಿ ಹೊರಟೇಬಿಡುತ್ತಾಳೆ. ಅತಿಥಿಗಳು ಬಂದರು. ಈಗ "ಜಗಳ ಆಡಿಕೊಂಡು ಹೋದಳು" ಅನ್ನಬೇಕು. ಅನ್ನಲ್ಲ. ಹುಷಾರಿಲ್ಲ, ಮಲಗಿದ್ದಾಳೆ ಅನ್ನುತ್ತಾನೆ. ನೋಡಿಕೊಂಡು ಬರುತ್ತೇವೆ ಅಂತ ಅವರು ಹಠ ಹಿಡಿಯುತ್ತಾರೆ. ಪಾಲಿ ಅನ್ನುವ ಕೆಲಸದ ಹುಡುಗಿಗೆ ಸಿಬಿಲ್ ವೇಷ ಹಾಕಿಸಿ ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಾನೆ. ಅಷ್ಟರಲ್ಲಿ ನಿಜವಾದ ಸಿಬಿಲ್ ವಾಪಸ್!

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಸರಿ. ಆದರೆ ಯಾಕೆ ಹೇಳಲ್ಲ? ನಾಲ್ಕು ಜನರ ಮುಂದೆ ನಮ್ಮನೆ ಜಗಳ ಗೊತ್ತಾಗಬಾರದು. ಅಷ್ಟೇ ಕಾರಣ. ಈ ಕಾರಣಕ್ಕೆ ಸುಳ್ಳು ಹೇಳದ ಮನೆ ಒಂದು ತೋರಿಸಿ.

ನ್ಯೂಜೆರ್ಸಿ ನಂಜ:
ಇದಕ್ಕೆ ಒಂದು ಸೇರಿಸುತ್ತೇನೆ. ಅದನ್ನು ಬರೆದವರು ಇಬ್ಬರು, ಜಾನ್ ಕ್ಲೀಸ್ ಮತ್ತು ಕಾನಿ ಬೂತ್. ಮೊದಲ ಆರು ಕಂತು ಬರುವಾಗ ಗಂಡ ಹೆಂಡತಿ. ಎರಡನೇ ಆರು ಬರುವಷ್ಟರಲ್ಲಿ ವಿಚ್ಛೇದನ ಆಗಿತ್ತು. ವಾರ್ಷಿಕೋತ್ಸವದ ಕಂತು 1979ರದ್ದು. ಬೆಸಿಲ್ ಪಾತ್ರ ಕ್ಲೀಸ್ ಅವರದ್ದು. ಪಾಲಿ ಪಾತ್ರ, ಅಂದರೆ ಹೆಂಡತಿಯ ವೇಷ ಹಾಕಿಕೊಂಡು ಮಲಗುವವಳು, ಕಾನಿ ಬೂತ್.

ಕಾಫಿಪುಡಿ:
ಒಂದು ನಿಮಿಷ. ಬೇರೆಯಾದ ಗಂಡ ಹೆಂಡತಿ ಕೂತು ಮದುವೆ ವಾರ್ಷಿಕೋತ್ಸವದ ಜಗಳ ಬರೆದರು, ಮಾಜಿ ಹೆಂಡತಿ ಅದರಲ್ಲಿ ಬದಲಿ ಹೆಂಡತಿ ಆದರು. ಇದನ್ನು ಯಾರಾದರೂ ಸಿಟ್‌ಕಾಮ್ ಮಾಡಿ.

ಶಿರಸಿ ಮಾಣಿ:
ವಿಚ್ಛೇದನ ಆದ ಮೇಲೂ ಜೊತೆಗೆ ಕೂತು ಬರೆದರಲ್ಲ. ನಾವು ಜೊತೆಗಿದ್ದೂ ತರಕಾರಿ ಚೀಟಿ ಬರೆಯುವಷ್ಟರಲ್ಲಿ ಮೂರು ಸಲ ಮಾತು ಬಿಡುತ್ತೇವೆ.

ಮೆಟ್ರೋ ಪಿಲ್ಲರ್:
ನನ್ನ ಮತ ಅಮೆರಿಕದ ಸಿಟ್‌ಕಾಮ್ ಸೈನ್‌ಫೆಲ್ಡ್‌ಗೆ. ಅಲ್ಲಿ ಅಪಾರ್ಥವೂ ಬೇಡ, ಗುಟ್ಟೂ ಬೇಡ. 1991ರ 'ದಿ ಚೈನೀಸ್ ರೆಸ್ಟೋರೆಂಟ್' ಕಂತಿನಲ್ಲಿ ಇರುವುದು ಮೂವರು ಸ್ನೇಹಿತರು ಮೇಜಿಗೆ ಕಾಯುವುದು. ಅಷ್ಟೇ. ಇನ್ನು 'ದಿ ಪಾರ್ಕಿಂಗ್ ಗ್ಯಾರೇಜ್', ಮಾಲ್‌ನಲ್ಲಿ ಕಾರು ಎಲ್ಲಿ ನಿಲ್ಲಿಸಿದೆವು ಅಂತ ಮರೆತು ಕಂತು ಪೂರ್ತಿ ಅಲೆಯುತ್ತಾರೆ. ಕೊನೆಗೆ ಕಾರು ಸಿಗುತ್ತದೆ, ಹತ್ತುತ್ತಾರೆ, ಸ್ಟಾರ್ಟ್ ಆಗಲ್ಲ. ಅದು ಬರೆದಿದ್ದಲ್ಲ! ಚಿತ್ರೀಕರಣದಲ್ಲಿ ನಿಜವಾಗಿಯೇ ಕಾರು ಕೈಕೊಟ್ಟಿತು, ಅದನ್ನೇ ಇಟ್ಟುಕೊಂಡರು. ಹಿಂದಿನ ಸೀಟಿನಲ್ಲಿ ನಟರು ನಗು ತಡೆಯುವುದು ಕಾಣುತ್ತದೆ.

ಬೆಂಗಳೂರಿನ ಯಾವುದೇ ಮಾಲ್‌ನ ಬೇಸ್‌ಮೆಂಟಿಗೆ ಭಾನುವಾರ ಹೋಗಿ, ಈ ಕಂತು ಉಚಿತವಾಗಿ ನೋಡಬಹುದು. ಗಂಡ: ಕಂಬದ ನಂಬರು ನೀನು ನೋಡಿಲ್ವಾ? ಹೆಂಡತಿ: ಓಡಿಸಿದ್ದು ಯಾರು? ಮಗು: ನನಗೆ ಸುಸು. ಹೋದ ತಿಂಗಳು ನಾನೇ ಅಲ್ಲಿ ರಿಮೋಟ್ ಎತ್ತಿ ಒತ್ತುತ್ತಾ ತಿರುಗಿದೆ. ಕೀಂಯ್ ಅಂದ ಕಡೆ ಓಡಿದರೆ ಅದು ಬೇರೆಯವರ ಕಾರು, ಅವರೂ ಹುಡುಕುತ್ತಿದ್ದರು.

ಗಾಂಧಿಬಜಾರ್ ಗಾಳಿ:
ಒಂದು ಅನುಮಾನ. ಮೊಬೈಲ್ ಬಂದ ಮೇಲೆ ಈ ಕಥೆಗಳೆಲ್ಲ ಸತ್ತವು ಅಲ್ವಾ? ಆ ಚೈನೀಸ್ ಹೋಟೆಲ್ ಕಂತಿನಲ್ಲಿ ಜಾರ್ಜ್ ಕಾಯಿನ್ ಫೋನಿಗಾಗಿ ಒದ್ದಾಡುತ್ತಾನೆ. ಈಗ ಆ ಒದ್ದಾಟಕ್ಕೆ ಜಾಗ ಎಲ್ಲಿ?

ಉಪ್ಪಿನಕಾಯಿ ಭರಣಿ:
ಸತ್ತಿಲ್ಲ, ವಾಟ್ಸಾಪ್‌ಗೆ ಮನೆ ಬದಲಾಯಿಸಿವೆ. ನನ್ನ ನಾದಿನಿ ಗಂಡನಿಗೆ ಕಳಿಸಬೇಕಿದ್ದ "ನಿಮ್ಮ ದೊಡ್ಡಮ್ಮ ಯಾವಾಗ ಹೊರಡ್ತಾರೆ" ಅನ್ನುವ ಸಂದೇಶವನ್ನು ಇಡೀ ಕುಟುಂಬದ ಗುಂಪಿಗೆ ಕಳಿಸಿದಳು. ಕೂಡಲೇ ಅಳಿಸಿದಳು. ಅಳಿಸಿದ ಗುರುತು ಉಳಿಯುತ್ತದಲ್ಲ? ಅಲ್ಲಿಂದ ಶುರು. ಏನಿತ್ತು, ಏನಿತ್ತು ಅಂತ ಹದಿನೆಂಟು ಜನ. ಅವಳು "ಹಪ್ಪಳದ ಫೋಟೋ" ಅಂದಳು. ಹಾಗಾದರೆ ಮತ್ತೆ ಹಾಕು ಅಂದರು. ರಾತ್ರಿ ಒಂಬತ್ತಕ್ಕೆ ಹಪ್ಪಳ ಕರಿದು ಫೋಟೋ ತೆಗೆದಳು. ಹಪ್ಪಳ ತಿಂದವರು ದೊಡ್ಡಮ್ಮ.

ಹುಬ್ಬಳ್ಳಿ ಮಿರ್ಚಿ:
ದೊಡ್ಡಮ್ಮ ಹೊರಟರೋ ಇಲ್ಲೋ?

ಉಪ್ಪಿನಕಾಯಿ ಭರಣಿ:
ಹಪ್ಪಳ ಚೆನ್ನಾಗಿದೆ ಅಂತ ಇನ್ನೂ ನಾಲ್ಕು ದಿನ ಇದ್ದರು.

ಕಾಫಿಪುಡಿ:
ಎಲ್ಲ ಓದಿದೆ. ಹಠ, ಮರ್ಯಾದೆ ಎರಡನ್ನೂ ಒಪ್ಪುತ್ತೇನೆ. ಬಾಗಿಲಿಗೆ ಕಿವಿ ಕೊಡುವುದನ್ನು ಈಗಲೂ ಒಪ್ಪಲ್ಲ. ಆದರೆ ಯಾರೂ ಏನೂ ಮುಚ್ಚಿಡದ ಸಿಟ್‌ಕಾಮ್ ಇದೆಯಾ? ಎಲ್ಲವನ್ನೂ ಮುಖಕ್ಕೇ ಹೇಳುವಂಥದ್ದು?

ಮೆಟ್ರೋ ಪಿಲ್ಲರ್:
'ಸಾರಾಭಾಯ್ ವರ್ಸಸ್ ಸಾರಾಭಾಯ್'. ಸ್ಟಾರ್ ಒನ್, 2004. ಮುಂಬೈನ ಕಫ್ ಪರೇಡ್‌ನ ಶ್ರೀಮಂತ ಅತ್ತೆ ಮಾಯಾ, ರತ್ನಾ ಪಾಠಕ್ ಶಾ. ಸೊಸೆ ಮೊನಿಶಾ, ರೂಪಾಲಿ ಗಂಗೂಲಿ. ಸೊಸೆ ಪುಕ್ಕಟೆ ಸಿಕ್ಕ ಡಬ್ಬ ತಂದಿಟ್ಟರೆ ಅತ್ತೆ ಮುಖಕ್ಕೇ ಹೇಳುತ್ತಾಳೆ, ಇದು ಮಿಡ್ಲ್ ಕ್ಲಾಸ್ ಅಂತ. ನಗುತ್ತಲೇ ಹೇಳುತ್ತಾಳೆ, ಧ್ವನಿ ಒಂದು ಚೂರೂ ಏರಲ್ಲ. ಮಗ ರೋಸೇಶ್ ತನ್ನ ದರಿದ್ರ ಕವಿತೆ ಓದುತ್ತಾನೆ, ಅಪ್ಪ ಇಂದ್ರವದನ್ ಅವನ ಎದುರೇ ಗೋಳುಹೊಯ್ದುಕೊಳ್ಳುತ್ತಾನೆ. ಗುಟ್ಟು ಕಡಿಮೆ, ಮಾತು ಜಾಸ್ತಿ. ಆದರೂ ಜಗಳ ನಿಂತಿಲ್ಲ ನೋಡಿ. ಹೇಳಿದರೆ ಮುಗಿಯುತ್ತದೆ ಅನ್ನುವ ನಿಮ್ಮ ವಾದ ಅಲ್ಲಿ ಕೆಲಸ ಮಾಡಲ್ಲ.

ಕಾಫಿಪುಡಿ:
ನೋಡುತ್ತೇನೆ. ಅತ್ತೆ ಮುಂದಿನ ವಾರ ಬರುತ್ತಿದ್ದಾರೆ, ಅವರ ಜೊತೆ ಕೂತು ನೋಡಬಹುದಾ? ಅವರಿಗೆ ಹಿಂದಿ ಅಷ್ಟು ಬರಲ್ಲ.

ಉಪ್ಪಿನಕಾಯಿ ಭರಣಿ:
ಬೇಡ. ನಮ್ಮತ್ತೆಗೂ ಹಿಂದಿ ಬರಲ್ಲ. ಮಾಯಾ ಮುಖ ನೋಡಿಯೇ ಪೂರ್ತಿ ಕಲಿತುಕೊಂಡರು. ಈಗ ನಾನು ಹಾಲಿನ ಕವರ್ ತೊಳೆದು ಒಣಗಿಸಲು ಹಾಕಿದರೆ ಬಾಯಲ್ಲಿ ಏನೂ ಹೇಳಲ್ಲ, ಅದೇ ಮುಖ ಮಾಡುತ್ತಾರೆ.